ಗ್ಯಾಸ್ ಮನೆಗೆ ಬಂತು, ಕಟ್ಟಿಗೆ ಒಲೆ ಯಾಕೆ ಹೋಗಲಿಲ್ಲ?

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಗ್ಯಾಸ್ ಸಂಪರ್ಕ ಇಲ್ಲದ ಮನೆ ಹುಡುಕುವುದು ಈಗ ಕಷ್ಟ. ಕಟ್ಟಿಗೆ ಒಲೆ ಇಲ್ಲದ ಮನೆ ಹುಡುಕುವುದು ಅದಕ್ಕಿಂತ ಕಷ್ಟ. ಯಲಬುರ್ಗಾ, ಕುಷ್ಟಗಿ ಕಡೆಯ ಯಾವ ಊರಿಗಾದರೂ ಬೆಳಿಗ್ಗೆ ಆರು ಗಂಟೆಯೊಳಗೆ ಹೋಗಿ ನೋಡಿ. ಹಿತ್ತಲಿನ ಬಚ್ಚಲಿನಿಂದ ಒಂದು ಹೊಗೆ, ಮಾಳಿಗೆಯ ಬೆಳಕಿಂಡಿಯಿಂದ ಇನ್ನೊಂದು ಹೊಗೆ ಏಳುತ್ತಿರುತ್ತದೆ. ಒಳಗೆ ಕಟ್ಟೆಯ ಮೇಲೆ ಗ್ಯಾಸ್ ಒಲೆಯೂ ಇರುತ್ತದೆ. ಅದು ಚಹಾಕ್ಕೆ, ಬೀಗರು ಬಂದಾಗ ಉಪ್ಪಿಟ್ಟಿಗೆ, ಮಳೆಗಾಲದಲ್ಲಿ ಕಟ್ಟಿಗೆ ನೆನೆದ ದಿನಕ್ಕೆ.

ಇದನ್ನು ನೋಡಿದ ಅಧಿಕಾರಿಗಳು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಹಳ್ಳಿ ಹೆಂಗಸರಿಗೆ ಅಭ್ಯಾಸ ಬಿಡೋಕಾಗಲ್ಲ. ಕಟ್ಟಿಗೆ ಒಲೆಯ ಅಡುಗೆಯೇ ರುಚಿ ಅಂತಾರೆ. ಜಾಗೃತಿ ಮೂಡಿಸಬೇಕು." ಹೀಗೆ ಹೇಳಿ ಒಂದು ಜಾಗೃತಿ ಶಿಬಿರ ಮಾಡಿದರೆ ಕೆಲಸ ಮುಗಿಯಿತು. ನನ್ನ ವಾದ ಬೇರೆ. ನಮ್ಮ ಹೆಣ್ಣುಮಕ್ಕಳಿಗೆ ಹೊಗೆಯ ಬಗ್ಗೆ ತಿಳಿವಳಿಕೆಯ ಕೊರತೆಯಿಲ್ಲ, ಅದನ್ನು ಕುಡಿಯುವವರು ಅವರೇ. ಒಲೆಯಿಂದ ಮನೆಗೆ ಏನೇನು ಕೆಲಸ ಆಗಬೇಕು ಎಂಬುದನ್ನು ಒಲೆ ಕೊಡುವವರು ಯಾವತ್ತೂ ಸರಿಯಾಗಿ ಕೇಳಿಲ್ಲ. ಕೇಳದೆ ಕೊಟ್ಟದ್ದನ್ನು ಮನೆಯವರು ತಮಗೆ ಎಷ್ಟು ಬೇಕೋ ಅಷ್ಟಕ್ಕೆ ಬಳಸುತ್ತಾರೆ, ಉಳಿದ ಕೆಲಸಕ್ಕೆ ಹಳೆಯ ಒಲೆ ಉರಿಯುತ್ತದೆ.

ಇದು ಸಣ್ಣ ವಿಷಯವಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ಶೇ 43.2 ಮಾತ್ರ. ಅದೂ 'ಮುಖ್ಯವಾಗಿ ಯಾವ ಇಂಧನ' ಎಂದು ಕೇಳಿದಾಗ ಬಂದ ಉತ್ತರ. ಗ್ಯಾಸ್ ಎಂದು ಬರೆಸಿದ ಮನೆಯ ಹಿತ್ತಲಲ್ಲಿ ಉರಿಯುವ ಬೆಂಕಿ ಈ ಲೆಕ್ಕಕ್ಕೆ ಬರುವುದಿಲ್ಲ.

ರೊಟ್ಟಿಯ ಲೆಕ್ಕ

ಮೊದಲು ರೊಟ್ಟಿಯಿಂದ ಶುರು ಮಾಡೋಣ, ಯಾಕೆಂದರೆ ನಮ್ಮ ಕಡೆ ದಿನ ಶುರುವಾಗುವುದೇ ಅದರಿಂದ. ಆರೇಳು ಜನರ ಮನೆಯಲ್ಲಿ ಹೊಲಕ್ಕೆ ಬುತ್ತಿ, ಮಕ್ಕಳಿಗೆ, ಮುದುಕರಿಗೆ, ರಾತ್ರಿ ಊಟಕ್ಕೆ ಎಂದು ಸೇರಿಸಿದರೆ ಒಂದು ಹೊತ್ತಿಗೆ ಇಪ್ಪತ್ತೈದು, ಮೂವತ್ತು ರೊಟ್ಟಿ. ಒಂದು ತಾಸು ಉರಿ ಒಂದೇ ಸಮ ಇರಬೇಕು. ಹಂಚು ದೊಡ್ಡದು, ಉರಿ ಅದರ ಅಂಚಿನವರೆಗೂ ಹರಡಬೇಕು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಒಲೆಯ ಬಾಯಿಗೆ ಒರಗಿಸಿ ಕೆಂಡದ ಕಾವಿನಲ್ಲಿ ಉಬ್ಬಿಸುತ್ತಾರೆ. ಒಂದು ಕೆಂಡದ ಮುಂದೆ ಇರುವಾಗಲೇ ಇನ್ನೊಂದು ಹಂಚಿನ ಮೇಲಿರುತ್ತದೆ, ಮೂರನೆಯದು ಕೈಯಲ್ಲಿ. ಪಕ್ಕದ ಕೋಡೊಲೆಯಲ್ಲಿ ಬೇಳೆ ತಾನಾಗಿ ಕುದಿಯುತ್ತಿರುತ್ತದೆ. ಒಂದೇ ಬೆಂಕಿ, ಮೂರು ಕೆಲಸ.

ಈಗ ಇದಕ್ಕೆ ಬದಲಾಗಿ ಕೊಡುವ ಒಲೆಗಳನ್ನು ನೋಡಿ. ಸಣ್ಣ ಗ್ಯಾಸ್ ಬರ್ನರಿನ ಉರಿ ಹಂಚಿನ ನಡುವೆ ಮಾತ್ರ ಬೀಳುತ್ತದೆ. ನಡುವೆ ಕರಕು, ಅಂಚಿನಲ್ಲಿ ಹಸಿ. ಕಾರ್ಖಾನೆಯಲ್ಲಿ ತಯಾರಾದ 'ಸುಧಾರಿತ' ಕಟ್ಟಿಗೆ ಒಲೆಯಲ್ಲಿ ಉರಿಯೆಲ್ಲ ಕಿರಿದಾದ ಕೊಳವೆಯೊಳಗೆ. ಕಟ್ಟಿಗೆ ಉಳಿಸುವ ಗುಟ್ಟೇ ಅದು. ಆದರೆ ರೊಟ್ಟಿ ಒರಗಿಸಲು ಒಲೆಗೆ ಅಗಲ ಬಾಯಿಯೂ ಇಲ್ಲ, ಮುಂದೆ ಕೆಂಡವೂ ಇಲ್ಲ. ಪ್ರಯೋಗಾಲಯದಲ್ಲಿ ಒಲೆ ಪರೀಕ್ಷಿಸುವ ಸಾಮಾನ್ಯ ಕ್ರಮ ಎಂದರೆ ಒಂದು ಪಾತ್ರೆ ನೀರು ಕುದಿಯಲು ಎಷ್ಟು ಕಟ್ಟಿಗೆ, ಎಷ್ಟು ಹೊತ್ತು, ಎಷ್ಟು ಹೊಗೆ ಎಂದು ಅಳೆಯುವುದು. ಅನ್ನ ತಿನ್ನುವ ಊರಿಗೆ ಈ ಪರೀಕ್ಷೆ ಒಂದಿಷ್ಟು ಹೊಂದಬಹುದು. ಜೋಳ ತಿನ್ನುವ ಊರಿಗೆ ಹೊಂದುವುದಿಲ್ಲ. ಮೂವತ್ತು ರೊಟ್ಟಿ ಬಡಿಸಿ ನೋಡುವುದೇ ಇಲ್ಲಿಯ ಪರೀಕ್ಷೆ.

"ಯಾಕವ್ವಾ, ರೊಟ್ಟಿಗೆ ಗ್ಯಾಸ್ ಹಚ್ಚಂಗಿಲ್ಲೇನು?" ಎಂದು ಕುಷ್ಟಗಿ ತಾಲೂಕಿನ ಒಬ್ಬ ಹಿರಿಯರನ್ನು ಕೇಳಿದ್ದೆ. "ಗ್ಯಾಸಿನ ಮ್ಯಾಲೂ ಆಕ್ಕಾವೋ ತಮ್ಮಾ, ಆಗಂಗಿಲ್ಲ ಅಂತಲ್ಲ. ದಿನಾ ಅದರ ಮ್ಯಾಲೇ ಬಡದ್ರ ಸಿಲಿಂಡರ್ ತಿಂಗಳಾನೂ ಬರಂಗಿಲ್ಲ. ಆಮ್ಯಾಲ ತರಾಕ ರೊಕ್ಕ ಯಾರ್ ಕೊಡ್ತಾರ?" ಎಂದರು. ರುಚಿಯ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಅವರು ಹೇಳಿದ್ದು ಪೂರಾ ಲೆಕ್ಕಾಚಾರ. ಬೇಗ ಆಗುವ, ಸ್ವಲ್ಪ ಉರಿ ಸಾಕಾಗುವ ಕೆಲಸಕ್ಕೆ ದುಬಾರಿ ಇಂಧನ. ಹೊತ್ತು ಹಿಡಿಯುವ ಕೆಲಸಕ್ಕೆ ಕೈಗೆ ಸಿಗುವ ಇಂಧನ. ಅರ್ಥಶಾಸ್ತ್ರ ಓದಿದವರೂ ಇದಕ್ಕಿಂತ ಬೇರೆ ಸಲಹೆ ಕೊಡಲಾರರು.

ಯಾರೂ ಎಣಿಸದ ಬಚ್ಚಲ ಒಲೆ

ಅಡುಗೆ ಒಲೆಯ ಬಗ್ಗೆಯಾದರೂ ನಾಲ್ಕು ಮಾತು ಕೇಳಿಬರುತ್ತದೆ. ಬಚ್ಚಲ ಒಲೆಯ ಬಗ್ಗೆ ಯಾವ ಯೋಜನೆಯಲ್ಲೂ ಮಾತಿಲ್ಲ. ದಿನವೂ ಇಡೀ ಮನೆಗೆ ಒಂದು ಹಂಡೆ ನೀರು ಕಾಯಬೇಕು. ಬಾಣಂತಿ ಇದ್ದರೆ ಎರಡು ಹಂಡೆ, ಅದೂ ಬಿಸಿ ಬಿಸಿ. ಚಳಿಗಾಲದಲ್ಲಿ ಇನ್ನೂ ಹೆಚ್ಚು. ಈ ಒಂದು ಕೆಲಸಕ್ಕೆ ಸಿಲಿಂಡರ್ ಬಳಸುವ ಬಡವರ ಮನೆಯನ್ನು ನಾನು ಕಂಡಿಲ್ಲ. ಹೊಲದಿಂದ ಬಂದ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಸೂರ್ಯಕಾಂತಿ ದಂಟು, ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆ, ಬಳ್ಳಾರಿ ಜಾಲಿ, ಕುಳ್ಳು ಎಲ್ಲವೂ ಹೋಗುವುದು ಈ ಒಲೆಗೆ. ಹಳೆಯ ಚಪ್ಪಲಿ, ಪ್ಲಾಸ್ಟಿಕ್ ಚೀಲವೂ ಹೋಗುತ್ತದೆ. ಅದರ ಹೊಗೆ ಕಟ್ಟಿಗೆಯ ಹೊಗೆಗಿಂತ ಕೆಟ್ಟದ್ದು.

ಬಚ್ಚಲು ಅಡುಗೆಮನೆಗೆ ಅಂಟಿಕೊಂಡಿರುವ ಮನೆಗಳಲ್ಲಿ ಗ್ಯಾಸ್ ಮೇಲೆ ಅಡುಗೆ ಮಾಡಿದರೂ ಹೊಗೆ ತಪ್ಪುವುದಿಲ್ಲ. ದಿನಕ್ಕೆ ಒಂದೆರಡು ತಾಸು ಹೊಗೆಯಲ್ಲಿ ಕುಳಿತರೂ ಆ ದಿನದ ಒಟ್ಟು ಹೊಗೆಯಲ್ಲಿ ದೊಡ್ಡ ಪಾಲು ಅದೇ ಆಗುತ್ತದೆ. ಅಡುಗೆಯ ಅರ್ಧ ಭಾಗ ಗ್ಯಾಸಿಗೆ ಹೋದ ಮಾತ್ರಕ್ಕೆ ಕೆಮ್ಮು ಅರ್ಧ ಆಗುವುದಿಲ್ಲ. ಹಾಗಾಗಿ 'ಅಡುಗೆ ಇಂಧನ' ಎಂಬ ಒಂದೇ ಕಾಲಂ ಇಟ್ಟುಕೊಂಡು ಮಾಡುವ ಯೋಜನೆ, ಬಚ್ಚಲಿನ ಬೆಂಕಿಯನ್ನು ಹಾಗೇ ಬಿಟ್ಟು ಅಡುಗೆಮನೆಯ ಬೆಂಕಿಯನ್ನು ಮಾತ್ರ ಆರಿಸಲು ಹೋದಂತೆ. ನಾಲ್ಕು ಇಟ್ಟಿಗೆ, ಒಂದು ಜಾಲರಿ, ಮಾಳಿಗೆ ದಾಟುವ ಒಂದು ಚಿಮಣಿ ಇರುವ ಬಚ್ಚಲ ಒಲೆ ಕಟ್ಟಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಅದಕ್ಕೆ ಅನುದಾನದ ಶೀರ್ಷಿಕೆ ಇಲ್ಲ, ಅಷ್ಟೆ.

ಕಟ್ಟಿಗೆ ಪುಕ್ಕಟೆ ಎಂಬ ಸುಳ್ಳು

ಕಟ್ಟಿಗೆಗೆ ದುಡ್ಡು ಕೊಡಬೇಕಿಲ್ಲ, ಸಿಲಿಂಡರಿಗೆ ಕೊಡಬೇಕು ಎನ್ನುವುದು ಮನೆಯ ಗಂಡಸರ ವಾದ. ಜಾಲಿ ಕಡಿದು, ಮುಳ್ಳು ಸವರಿ, ಹೊರೆ ಕಟ್ಟಿ, ಎರಡು ಮೂರು ಕಿಲೋಮೀಟರ್ ತಲೆ ಮೇಲೆ ಹೊತ್ತು ತರುವುದು ಯಾರು? ಆ ಕೂಲಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹೆಣ್ಣಿನ ಹೊತ್ತಿಗೆ ಬೆಲೆ ಸೊನ್ನೆ ಎಂದು ಇಟ್ಟುಕೊಂಡರೆ ಮಾತ್ರ ಕಟ್ಟಿಗೆ ಪುಕ್ಕಟೆ.

ಇಷ್ಟಾದರೂ ಸಿಲಿಂಡರಿನ ವಿಷಯದಲ್ಲಿ ಕೈಯಲ್ಲಿ ರೊಕ್ಕ ಇದೆಯೋ ಇಲ್ಲವೋ ಎನ್ನುವುದೇ ಕೊನೆಯ ಮಾತು. 2025ರ ಏಪ್ರಿಲ್‌ನ ಏರಿಕೆಯ ನಂತರ ದೆಹಲಿಯಲ್ಲಿ 14.2 ಕೆ.ಜಿ. ಸಿಲಿಂಡರ್ ದರ 853 ರೂಪಾಯಿ ಆಯಿತು. ಉಜ್ವಲಾ ಫಲಾನುಭವಿಗೆ 300 ರೂಪಾಯಿ ಸಬ್ಸಿಡಿ ಕಳೆದರೆ 553. ಕಾಗದದ ಮೇಲೆ ಇದು ಸರಿ. ಆದರೆ ಸಿಲಿಂಡರ್ ಇಳಿಸುವಾಗ ಕೊಡಬೇಕಾದದ್ದು ಪೂರ್ತಿ ಹಣ. 300 ರೂಪಾಯಿ ಆಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಒಂದೇ ಸಲಕ್ಕೆ ಎರಡು ದಿನದ ಕೂಲಿಗಿಂತ ಹೆಚ್ಚು ಹಣ ಕೈಯಲ್ಲಿರಬೇಕು. ಸಂತೆಯಲ್ಲಿ ಎಣ್ಣೆಯನ್ನೂ ಕಾಲು ಕೆ.ಜಿ. ಲೆಕ್ಕದಲ್ಲಿ ತರುವ ಮನೆಗೆ ಇಂಧನವನ್ನು ಮಾತ್ರ ತಿಂಗಳಿಡೀದು ಒಟ್ಟಿಗೇ ತಾ ಎಂದರೆ ಹೇಗೆ?

ಹಣ ಹೊಂದಿಸಿದರೂ ಇನ್ನೆರಡು ತೊಡಕುಗಳಿವೆ. ಬುಕ್ಕಿಂಗ್ ಮಾಡುವ ಮೊಬೈಲ್ ನಂಬರ್ ಎಷ್ಟೋ ಮನೆಗಳಲ್ಲಿ ಗಂಡನದ್ದೋ ಮಗನದ್ದೋ. ಓಟಿಪಿ ಬರುವುದೂ ಅಲ್ಲಿಗೇ. ಮಗ ಬೆಂಗಳೂರಿಗೋ ಮಂಗಳೂರಿಗೋ ದುಡಿಯಲು ಹೋಗಿದ್ದರೆ ಓಟಿಪಿ ಅಲ್ಲಿ, ಸಿಲಿಂಡರ್ ಇಲ್ಲಿ. ಗ್ಯಾಸ್ ಗಾಡಿ ಊರಿಗೆ ಬರುವ ದಿನ ಆಕೆ ಕೂಲಿಗೆ ಹೋಗಿದ್ದರೆ ಇನ್ನೊಂದು ವಾರ ಕಾಯಬೇಕು. ಇರುವುದು ಒಂದೇ ಸಿಲಿಂಡರ್. ಹಾಗಾಗಿ ಅದು ಯಾವತ್ತೂ ಪೂರ್ತಿ ಖಾಲಿ ಆಗಬಾರದು ಎಂದು ಜೋಪಾನ ಮಾಡುತ್ತಾರೆ. ರಾತ್ರಿ ಮಗುವಿಗೆ ಜ್ವರ ಬಂದರೆ ನೀರು ಕಾಯಿಸಲು ಬೇಕಲ್ಲ!

ಇದೆಲ್ಲ ನಾನು ಊರೂರು ತಿರುಗಿ ಕೇಳಿದ್ದು ಮಾತ್ರವಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಗ್ಯಾಸ್ ಮಾರಾಟದ ದಾಖಲೆಗಳನ್ನೇ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2019ರಲ್ಲಿ 'ನೇಚರ್ ಎನರ್ಜಿ' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಉಜ್ವಲಾದಿಂದ ಸಂಪರ್ಕಗಳ ಸಂಖ್ಯೆ ವೇಗವಾಗಿ ಏರಿತು ಎಂದು ಅದು ಒಪ್ಪುತ್ತದೆ. ಆದರೆ ಉಜ್ವಲಾ ಮನೆಗಳು ಮೊದಲ ವರ್ಷ ಸರಾಸರಿ ಕೊಂಡದ್ದು ಎರಡು ಚಿಲ್ಲರೆ ಸಿಲಿಂಡರ್. ಪೂರ್ತಿ ಗ್ಯಾಸಿನಲ್ಲೇ ಅಡುಗೆ ಮಾಡಬೇಕಾದರೆ ವರ್ಷಕ್ಕೆ ಸುಮಾರು ಹತ್ತು ಬೇಕು. ಮೂರರಲ್ಲಿ ಒಂದಕ್ಕೂ ಹೆಚ್ಚು ಮನೆಗಳು ಮೊದಲ ವರ್ಷ ಒಂದೂ ಮರುಪೂರಣ ಮಾಡಿಸಿರಲಿಲ್ಲ. ಇನ್ನೊಂದು ಅಂಶವನ್ನು ಗಮನಿಸಬೇಕು: ಬೇಸಿಗೆಯಲ್ಲಿ, ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ಖರೀದಿ ಇಳಿಯುತ್ತದೆ. ಆಗ ಕೈಯಲ್ಲಿ ಕಾಸಿಲ್ಲ, ಕಟ್ಟಿಗೆ ಆರಿಸಲು ಹೊತ್ತಿದೆ. ಕೆಲಸ ಜೋರಾಗಿರುವಾಗ ಗ್ಯಾಸ್ ಹೆಚ್ಚು ಹೋಗುತ್ತದೆ. 'ಅಭ್ಯಾಸ' ಎಂಬ ಉತ್ತರ ನಿಜವಾಗಿದ್ದರೆ ಹೀಗೆ ಋತುವಿಗೆ ತಕ್ಕಂತೆ ಏರಿಳಿಯಬೇಕಿರಲಿಲ್ಲ.

ಆನಂತರ ಸ್ಥಿತಿ ಸುಧಾರಿಸಿದೆ ಎನ್ನುವುದನ್ನೂ ಹೇಳಬೇಕು. ಕೇಂದ್ರ ಸರ್ಕಾರದ್ದೇ ಅಂಕಿಅಂಶದ ಪ್ರಕಾರ ಉಜ್ವಲಾ ಮನೆಯ ಸರಾಸರಿ ಬಳಕೆ 2019–20ರಲ್ಲಿ ವರ್ಷಕ್ಕೆ ಸುಮಾರು 3 ಸಿಲಿಂಡರ್ ಇದ್ದದ್ದು 2024–25ರಲ್ಲಿ 4.47ಕ್ಕೆ ಬಂದಿದೆ. ಸಬ್ಸಿಡಿ ಹೆಚ್ಚಿಸಿದ್ದು ಕೆಲಸ ಮಾಡಿದೆ ಎಂದೇ ಇದರ ಅರ್ಥ. ಆದರೂ ಇದು ಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಹೀಗಿರುವಾಗಲೇ 2025–26ಕ್ಕೆ ಸಬ್ಸಿಡಿ ಸಿಗುವ ಸಿಲಿಂಡರ್‌ಗಳ ಮಿತಿಯನ್ನು 12ರಿಂದ 9ಕ್ಕೆ ಇಳಿಸಲಾಗಿದೆ. ಪೂರ್ತಿ ಗ್ಯಾಸಿಗೆ ಬರಬೇಕು ಎಂದು ಬಯಸುವ ಯೋಜನೆ, ಪೂರ್ತಿ ಗ್ಯಾಸಿಗೆ ಬಂದ ಮನೆಗೇ ಕತ್ತರಿ ಹಾಕಿದಂತಾಯಿತು.

ಅಭ್ಯಾಸದ ವಾದಕ್ಕೆ ಇನ್ನೊಂದು ಉತ್ತರವೂ ಇದೆ. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾಗಳ ಸುಮಾರು 3,200 ಗರ್ಭಿಣಿಯರನ್ನು ಒಳಗೊಂಡ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅದು ನಡೆದದ್ದು ಪಕ್ಕದ ತಮಿಳುನಾಡಿನಲ್ಲಿ. ಅರ್ಧದಷ್ಟು ಮನೆಗಳಿಗೆ ಗ್ಯಾಸ್ ಒಲೆಯನ್ನೂ, ಸಿಲಿಂಡರನ್ನೂ ಪುಕ್ಕಟೆಯಾಗಿ ಮನೆ ಬಾಗಿಲಿಗೇ ಕೊಟ್ಟರು. ಆ ಮನೆಗಳಲ್ಲಿ ಕಟ್ಟಿಗೆ ಒಲೆ ಹೆಚ್ಚುಕಡಿಮೆ ಆರಿಯೇ ಹೋಯಿತು. ಹೆಂಗಸರು ಉಸಿರಾಡುವ ಸೂಕ್ಷ್ಮ ಕಣಗಳ ಪ್ರಮಾಣ ಉಳಿದ ಮನೆಗಳಲ್ಲಿ ಘನ ಮೀಟರಿಗೆ 70 ಮೈಕ್ರೊಗ್ರಾಂ ಇದ್ದರೆ ಇವರಲ್ಲಿ 24ರ ಆಸುಪಾಸಿಗೆ ಇಳಿಯಿತು. ಹುಟ್ಟಿದ ಮಕ್ಕಳ ತೂಕದಲ್ಲಿ ನಿರೀಕ್ಷಿಸಿದ ಹೆಚ್ಚಳ ಕಾಣಲಿಲ್ಲ ಎನ್ನುವುದೂ ಆ ಫಲಿತಾಂಶದಲ್ಲೇ ಇದೆ. ಒಲೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುವವರು ಅದನ್ನೂ ಓದಬೇಕು. ಆದರೆ ನನ್ನ ಮಾತಿಗೆ ಬೇಕಾದದ್ದು ಮೊದಲ ಭಾಗ. ರೊಕ್ಕದ ಚಿಂತೆ, ಗಾಡಿಗೆ ಕಾಯುವ ಚಿಂತೆ ಇಲ್ಲದಾಗ ಹೆಂಗಸರು ಕಟ್ಟಿಗೆಗೆ ಅಂಟಿಕೊಂಡು ಕೂರಲಿಲ್ಲ.

ನಲವತ್ತು ವರ್ಷದ ಪಾಠ

ನಮ್ಮ ರಾಜ್ಯಕ್ಕೆ ಒಲೆಯ ವಿಷಯ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ತಂಡದಿಂದ 'ಅಸ್ತ್ರ ಒಲೆ' ಬಂತು. ಮಣ್ಣಿನ ಒಲೆಗೆ ಜಾಲರಿ, ಚಿಮಣಿ, ಒಂದೇ ಉರಿಗೆ ಮೂರು ಪಾತ್ರೆ. ನಮ್ಮಲ್ಲಿ ಹಿರಿಯರು ಈಗಲೂ ಆ ಹೆಸರನ್ನು ನೆನಪಿಟ್ಟಿದ್ದಾರೆ. 1983ರ ಕೊನೆಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಶುರು ಮಾಡಿ, 2002ರಲ್ಲಿ ನಿಲ್ಲಿಸುವವರೆಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿತು. ಅದರಲ್ಲಿ ಈಗ ಉಳಿದಿರುವುದು ಎಷ್ಟು? ಮೂರು ಪಾತ್ರೆಯ ಒಲೆಯಲ್ಲಿ ಮೂರೂ ಪಾತ್ರೆ ಕುಳಿತಾಗ ಮಾತ್ರ ಲಾಭ. ರೊಟ್ಟಿ ಮಾಡುವಾಗ ಹಂಚು ಒಂದೇ, ಉಳಿದ ಕಂಡಿಗಳನ್ನು ಮುಚ್ಚದಿದ್ದರೆ ಅಲ್ಲಿಂದಲೇ ಹೊಗೆ. ಚಿಮಣಿಗೆ ಮಸಿ ಕಟ್ಟಿದರೆ ತೆಗೆಯುವವರಿಲ್ಲ, ಪಾತ್ರೆಯ ಅಳತೆ ಬದಲಾದರೆ ಒಲೆ ಕೆತ್ತುವುದೇ ದಾರಿ. ಕಟ್ಟಿಸಿಕೊಟ್ಟವರಿಗೆ ಎಷ್ಟು ಒಲೆ ಕಟ್ಟಿದೆ ಎಂಬ ಗುರಿ ಇತ್ತು, ಎರಡನೆಯ ವರ್ಷ ಬಂದು ನೋಡುವ ಗುರಿ ಇರಲಿಲ್ಲ.

ಒಡಿಶಾದಲ್ಲಿ ಇದನ್ನೇ ನಾಲ್ಕು ವರ್ಷ ಕಾದು ಅಳೆದವರಿದ್ದಾರೆ. ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಅವರ ಅಧ್ಯಯನದಲ್ಲಿ ಸುಮಾರು 2,600 ಮನೆಗಳಿದ್ದವು. ಚಿಮಣಿ ಒಲೆ ಪಡೆದವರು ಮೊದಲ ವರ್ಷ ಕಡಿಮೆ ಹೊಗೆ ಕುಡಿದರು. ಆಮೇಲೆ ಆ ವ್ಯತ್ಯಾಸ ಅಳಿಸಿಹೋಯಿತು. ದುರಸ್ತಿ ಆಗಲಿಲ್ಲ, ಬಳಕೆ ಕಡಿಮೆಯಾಯಿತು, ಆರೋಗ್ಯದಲ್ಲೂ ಸುಧಾರಣೆ ಕಾಣಲಿಲ್ಲ. ಪ್ರಯೋಗಾಲಯದಲ್ಲಿ ಚೆನ್ನಾಗಿದ್ದ ಒಲೆ ಮನೆಯಲ್ಲಿ ಸೋತಿತು.

ಖಾಸಗಿಯವರ ಕಥೆಯೂ ಹೆಚ್ಚು ಬೇರೆಯಲ್ಲ. ಬಿಪಿ ಕಂಪನಿ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ತಂದ 'ಊರ್ಜಾ' ಒಲೆ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಸಣ್ಣ ಫ್ಯಾನು, ಹೊಗೆ ಬಹಳ ಕಡಿಮೆ. ಆದರೆ ಅದಕ್ಕೆ ಹಾಕಬೇಕಾದದ್ದು ಕೃಷಿ ತ್ಯಾಜ್ಯದಿಂದ ಮಾಡಿದ ಉಂಡೆ. ತ್ಯಾಜ್ಯಕ್ಕೆ ಕಾರ್ಖಾನೆಗಳಿಂದ ಬೇಡಿಕೆ ಬಂತು, ಉಂಡೆಯ ಬೆಲೆ ಏರಿತು, ಒಲೆಗಳು ಮೂಲೆ ಸೇರಿದವು. ಮನೆಯ ಪಕ್ಕದಲ್ಲೇ ಹತ್ತಿ ಕಟ್ಟಿಗೆಯ ಬಣವೆ ಇದ್ದರೂ ಅದನ್ನು ಆ ಒಲೆಗೆ ಹಾಗೇ ಹಾಕುವಂತಿರಲಿಲ್ಲ. ಏನು ಸಿಕ್ಕರೂ ಉರಿಯಬೇಕು, ಅಂಗಡಿಯ ಮೇಲೆ ಪೂರ್ತಿ ನೆಚ್ಚಿ ಕೂರಬಾರದು ಎನ್ನುವುದು ಬಡವರ ಮನೆಯ ದೊಡ್ಡ ಬೇಡಿಕೆ. ಅದು ಹಟವಲ್ಲ, ಬರಗಾಲ ನೋಡಿದವರ ಎಚ್ಚರಿಕೆ.

ಇದಕ್ಕೆಲ್ಲ ಒಳ್ಳೆಯ ಉತ್ತರ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಊರಿನಲ್ಲಿದೆ. ಅಲ್ಲಿ ರೆಡ್ಡಿ ಅವರ ತಂಡವೇ ಅಡುಗೆಗೆಂದು ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಎಲ್ಲರ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ, ಕಟ್ಟಿಗೆಯೂ ಕಾಸಿಲ್ಲದೆ ಸಿಗುತ್ತಿತ್ತು, ಯೋಜನೆ ನಿಂತಿತು. ವಿಜ್ಞಾನಿಗಳು ಊರಿನವರನ್ನು ದೂರಲಿಲ್ಲ. ನಿಮಗೆ ಮೊದಲು ಬೇಕಾದದ್ದು ಏನು ಎಂದು ತಿಳಿದುಕೊಂಡರು. ಕುಡಿಯುವ ನೀರು, ಆಮೇಲೆ ದೀಪ ಎಂಬ ಉತ್ತರ ಬಂತು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ಬೆಳಕು ಕೊಟ್ಟರು. ಸ್ಥಾವರ ವರ್ಷಗಟ್ಟಲೆ ನಡೆಯಿತು, ಊರಿನವರೇ ಸಗಣಿ ತಂದು ಹಾಕಿದರು. ಸೋತ ಯೋಜನೆ ಗೆದ್ದದ್ದು ಕೇಳಿದ್ದರಿಂದ.

ಹಾಗಾದರೆ ಮಾಡಬೇಕಾದದ್ದೇನು?

ಮೊದಲನೆಯದು, ಎಣಿಕೆ ಬದಲಾಗಬೇಕು. ಎಷ್ಟು ಸಂಪರ್ಕ ಕೊಟ್ಟೆವು ಎನ್ನುವುದು ಇನ್ನು ಸಾಕು. ಗ್ರಾಮ ಪಂಚಾಯಿತಿವಾರು ಒಂದು ಮನೆಗೆ ವರ್ಷಕ್ಕೆ ಸರಾಸರಿ ಎಷ್ಟು ಸಿಲಿಂಡರ್ ಹೋಗಿದೆ ಎಂಬ ಲೆಕ್ಕ ಗ್ಯಾಸ್ ಕಂಪನಿಗಳ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಯಾರ ಹೆಸರೂ ಬೇಡ, ಪಂಚಾಯಿತಿಯ ಸರಾಸರಿ ಮಾತ್ರ ಪ್ರಕಟಿಸಲಿ. ಯಾವ ಊರಿನಲ್ಲಿ ಹೊಗೆ ಉಳಿದಿದೆ ಎಂದು ಆಗ ಕುರ್ಚಿಯಲ್ಲಿ ಕುಳಿತೇ ಗೊತ್ತಾಗುತ್ತದೆ.

ಎರಡನೆಯದು, ಸಬ್ಸಿಡಿ ಮೊದಲೇ ಕಡಿತವಾಗಲಿ. ಸಬ್ಸಿಡಿ ಕಳೆದ ಹಣವನ್ನಷ್ಟೇ ಕೊಟ್ಟು ಸಿಲಿಂಡರ್ ಇಳಿಸಿಕೊಳ್ಳುವಂತಾದರೆ ಸರ್ಕಾರಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಫೆಬ್ರುವರಿಯಿಂದ ಮೇವರೆಗೆ, ಕೈ ಖಾಲಿ ಇರುವ ತಿಂಗಳುಗಳಲ್ಲಿ, ಹೆಚ್ಚಿನ ರಿಯಾಯಿತಿ ಕೊಡಲಿ. ಮಿತಿ 9ಕ್ಕೆ ಇಳಿಸಿದ್ದನ್ನು ಹಿಂದಕ್ಕೆ ಪಡೆಯಲಿ.

ಮೂರನೆಯದು, ಕೈಗೆ ಸಿಗುವ ದಾರಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿರುವುದು ಹೆಣ್ಣುಮಕ್ಕಳ ಖಾತೆಗೆ. ಸಿಲಿಂಡರ್ ತರಿಸುವ ನಿರ್ಧಾರ ಅವರದ್ದೇ ಆಗಬೇಕಾದರೆ ಬುಕ್ಕಿಂಗ್ ನಂಬರೂ ಅವರದ್ದೇ ಆಗಬೇಕು. ಊರಿನ ಸಂಜೀವಿನಿ ಸ್ವಸಹಾಯ ಸಂಘವೇ ಬುಕ್ಕಿಂಗ್ ಮಾಡಿ, ಸಿಲಿಂಡರ್ ಇಳಿಸಿಕೊಂಡು, ವಾರದ ಕಂತಿನಲ್ಲಿ ಹಣ ತೆಗೆದುಕೊಳ್ಳುವ ವ್ಯವಸ್ಥೆಗೆ ಯಾವ ಕಾನೂನು ಅಡ್ಡ ಬಂದರೂ ತಿದ್ದಬಹುದು. ಸಂಘದ ಹೆಣ್ಣುಮಕ್ಕಳು ಇದಕ್ಕಿಂತ ದೊಡ್ಡ ಸಾಲದ ಲೆಕ್ಕ ನಿಭಾಯಿಸುತ್ತಿದ್ದಾರೆ.

ನಾಲ್ಕನೆಯದು, ಕರೆಂಟು. ಗೃಹಜ್ಯೋತಿಯಲ್ಲಿ 200 ಯೂನಿಟ್ ಪುಕ್ಕಟೆ ಎಂಬ ಮಾತು ಎಲ್ಲರಿಗೂ ಗೊತ್ತು. ನಿಜವಾಗಿ ಸಿಗುವುದು 2022–23ರ ಸರಾಸರಿ ಬಳಕೆ ಮತ್ತು ಅದರ ಶೇ 10. ತಿಂಗಳಿಗೆ 48 ಯೂನಿಟ್‌ಗಿಂತ ಕಡಿಮೆ ಸುಡುತ್ತಿದ್ದ ಮನೆಗೆ ಶೇ 10ರ ಬದಲು 10 ಯೂನಿಟ್. ಮೊದಲಿನಿಂದ ಕಡಿಮೆ ಸುಟ್ಟ ಬಡವರಿಗೆ ಕಡಿಮೆ, ಹೆಚ್ಚು ಸುಟ್ಟವರಿಗೆ ಹೆಚ್ಚು. ಇಂಡಕ್ಷನ್ ಒಲೆಯಲ್ಲಿ ಬೇಳೆ, ಅನ್ನ, ಚಹಾ ಮಾಡಿಕೊಂಡರೆ ದಿನಕ್ಕೆ ಒಂದು ಯೂನಿಟ್ ಎಂದರೂ ತಿಂಗಳಿಗೆ 30. ಇಷ್ಟನ್ನು ಅಡುಗೆಯ ಹೆಸರಲ್ಲಿ ಬಡ ಮನೆಗಳಿಗೆ ಹೆಚ್ಚುವರಿಯಾಗಿ ಕೊಟ್ಟರೆ ಸಿಲಿಂಡರ್ ಇನ್ನಷ್ಟು ದಿನ ಬರುತ್ತದೆ. ಬೆಳಿಗ್ಗೆ ವೋಲ್ಟೇಜ್ ಸರಿಯಾಗಿ ಸಿಗಬೇಕು ಎನ್ನುವ ಷರತ್ತು ಇದ್ದೇ ಇದೆ.

ಐದನೆಯದು, ರೊಟ್ಟಿಗೂ ಬಚ್ಚಲಿಗೂ ಕಟ್ಟಿಗೆ ಇನ್ನೂ ಕೆಲವು ವರ್ಷ ಉರಿಯುತ್ತದೆ ಎಂದು ಒಪ್ಪಿಕೊಂಡೇ ಒಲೆ ಮಾಡಬೇಕು. ಅಗಲ ಹಂಚು ಕೂರುವ, ಮುಂದೆ ಕೆಂಡ ಎಳೆದುಕೊಳ್ಳಲು ಜಾಗವಿರುವ, ಉದ್ದ ಕಟ್ಟಿಗೆಯನ್ನು ಕಡಿಯದೆ ತಳ್ಳಬಹುದಾದ, ಊರಿನ ಗೌಂಡಿಯೇ ಕಟ್ಟಿ ಊರಿನ ಗೌಂಡಿಯೇ ದುರಸ್ತಿ ಮಾಡುವ ಚಿಮಣಿ ಒಲೆ. ಬೆಂಗಳೂರಿನ ಟೈಡ್ ಸಂಸ್ಥೆ ಇಂಥ ಒಲೆ ಕಟ್ಟುವ ಕೆಲಸವನ್ನು ಹೆಣ್ಣುಮಕ್ಕಳಿಗೇ ಕಲಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಯಾವ ಒಲೆಯನ್ನೇ ಹಂಚುವ ಮೊದಲು ಹತ್ತು ಮನೆಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಇಟ್ಟು ನೋಡಲಿ. ಜನವರಿಯಲ್ಲಿ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಬರುತ್ತದಲ್ಲ, ಆ ರೊಟ್ಟಿ ಬಡಿಯುವ ದಿನ ಒಲೆ ತಡೆದರೆ ಅದು ಪಾಸು.

ಈ ಕಡೆಯ ಪತ್ರಕರ್ತ ಮಿತ್ರರಲ್ಲಿ ಒಂದು ಮಾತು. ಸಂಪರ್ಕ ವಿತರಣೆಯ ಸಮಾರಂಭದಲ್ಲಿ ಗಣ್ಯರು ಒಲೆ ಹಿಡಿದು ನಿಂತ ಫೋಟೊ ಸುಲಭವಾಗಿ ಸಿಗುತ್ತದೆ. ಅದೇ ಊರಿಗೆ ಆರು ತಿಂಗಳು ಬಿಟ್ಟು ಹೋಗಿ, ಫಲಾನುಭವಿಯ ಗ್ಯಾಸ್ ಪುಸ್ತಕ ತೆರೆದು ನೋಡುವ ವರದಿ ಕಡಿಮೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ನಡುವೆ ಈ ಮೂರು ಪ್ರಶ್ನೆಗಳನ್ನೂ ಕೇಳಿಸೋಣ: ನಿಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಎಷ್ಟು ಬೆಂಕಿ ಹಚ್ಚಿದಿರಿ? ಯಾವ ಯಾವ ಕೆಲಸಕ್ಕೆ? ಆ ಕೆಲಸಕ್ಕೆ ಗ್ಯಾಸ್ ಯಾಕೆ ಹಚ್ಚಲಿಲ್ಲ? ಉತ್ತರ ಕೊಡಬೇಕಾದವರು ವೇದಿಕೆಯ ಮೇಲಿಲ್ಲ, ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದಾರೆ. ಮೈಕ್ ಅಲ್ಲಿಗೆ ಹೋಗಲಿ.